ಆಪತ್ತಿನ ಎರಡು ಕೊಡ

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ಕೆಲಸ ಮಾಡುವವರು ಒಬ್ಬರು, ಹೆಸರು ಹೊತ್ತುಕೊಂಡು ಹೋಗುವವರು ಇನ್ನೊಬ್ಬರು. ಹಾಗಾದರೆ ಮಾಡಿದವರಿಗೆ ಸಿಗುವುದೇನು?"

ಮಠದ ಅಂಗಳ ಗುಡಿಸಿದವನು ಅವನು. ಬಂದ ಭಕ್ತರು ಹೊಗಳಿದ್ದು ಹಿರಿಯ ಶಿಷ್ಯನನ್ನು. ಬೆಳಗಿನಿಂದ ಅವನ ಮುಖ ಊದಿಕೊಂಡಿದ್ದನ್ನು ಗುರುಗಳು ನೋಡಿದ್ದರು. ಕೂತುಕೋ ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಒಂದೇ ಕೋಣೆಯ ಮನೆ. ಅರ್ಧ ಮನೆಯನ್ನು ಮಗ್ಗ ನುಂಗಿತ್ತು. ಉಳಿದರ್ಧದಲ್ಲಿ ಒಲೆ, ಮುದಿ ತಾಯಿಯ ಹಾಸಿಗೆ, ಹೆಂಡತಿ, ಮತ್ತು ನೇಕಾರನ ಬಾಯಿ. ಹೆಚ್ಚು ಜಾಗ ಹಿಡಿಯುತ್ತಿದ್ದದ್ದು ಆ ಬಾಯಿಯೇ.

ಆ ಕೇರಿಯ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು. ಒಂದು ಸಲ ಎಲ್ಲೋ ಕೊಳವೆ ಒಡೆದು ವಾರವಾದರೂ ಹನಿ ಬರಲಿಲ್ಲ. ನೇಕಾರ ಹೊಂಡದ ನೀರು ತಂದ. ಅದನ್ನು ಕುಡಿದ ತಾಯಿಗೆ ವಾಂತಿಭೇದಿ ಹಿಡಿದು, ಮುದುಕಿ ಯಮನ ಬಾಗಿಲು ತಟ್ಟಿ ಬಂದಳು. ಇನ್ನೊಮ್ಮೆ ಹೀಗಾದರೆ ಉಳಿಸುವುದು ನನ್ನ ಕೈಲಾಗದು ಎಂದು ವೈದ್ಯರು ಹೇಳಿಬಿಟ್ಟರು. ಸೊಸೆಯ ಜೀವ ಹಾರಿಹೋದಂತಾಯಿತು. ಆ ಅತ್ತೆ ಬೈಯುವುದಿದ್ದರೂ ಮೊದಲು ಉಣ್ಣಿಸಿ ಆಮೇಲೆ ಬೈಯುತ್ತಿದ್ದವಳು.

ನೇಕಾರ ಸುಮ್ಮನಿರುವವನೇ? ಎರಡು ತಾಮ್ರದ ಕೊಡ ತಂದ. ನೀರು ತುಂಬಿದ. ಬಾಯಿಗೆ ಬಟ್ಟೆ ಮುಚ್ಚಿ, ನೂಲು ಸುತ್ತಿ, ಮಗ್ಗದ ಗಂಟು ಹಾಕಿದ. "ಇದು ಆಪತ್ತಿನ ನೀರು. ಆಪತ್ತು ಬರುವ ತನಕ ಬ್ರಹ್ಮ ಬಂದು ಕೇಳಿದರೂ ಈ ಗಂಟು ಬಿಚ್ಚಕೂಡದು," ಎಂದ.

"ನಿಂತ ನೀರಿಗೆ ಹುಳ ಬೀಳುತ್ತದೆ ಕಣ್ರೀ. ಆಗಾಗ ತೆಗೆದು ಹೊಸದು ತುಂಬಬೇಕು," ಎಂದಳು ಹೆಂಡತಿ.

"ಕೂಡಿಟ್ಟದ್ದನ್ನು ಯಾರಾದರೂ ಚೆಲ್ಲುತ್ತಾರೆಯೇ? ಮುಟ್ಟದಿದ್ದರೆ ಯಾವುದೂ ಕೆಡುವುದಿಲ್ಲ, ತಿಳಿದುಕೋ," ಎಂದ ನೇಕಾರ.

ಕೋಣನ ಮುಂದೆ ಕಿನ್ನರಿ ಬಾರಿಸಿ ಫಲವಿಲ್ಲವೆಂದು ಅವಳು ಸುಮ್ಮನಾದಳು. ಸುಮ್ಮನಾದದ್ದು ಬಾಯಿ ಮಾತ್ರ. ನಲ್ಲಿಗೆ ನೀರು ಬರುವುದು ಕೋಳಿ ಕೂಗುವ ಹೊತ್ತಿಗೆ. ನೇಕಾರ ಏಳುವುದು ಬಿಸಿಲು ಬೆನ್ನು ಸುಟ್ಟ ಮೇಲೆ. ನೀರು ಬಿಟ್ಟಾಗಲೆಲ್ಲ ಅವಳು ಗಂಟು ಬಿಚ್ಚುವಳು, ಹಳೆಯ ನೀರನ್ನು ಪಾತ್ರೆ ತೊಳೆಯಲು ಬಗ್ಗಿಸಿಕೊಳ್ಳುವಳು, ಹುಣಸೆಹಣ್ಣು ಹಾಕಿ ಕೊಡ ಬೆಳಗುವಳು, ಹೊಸ ನೀರು ಸೋಸಿ ತುಂಬಿ ಮತ್ತೆ ಅದೇ ಗಂಟು ಹಾಕುವಳು. ಮಗ್ಗದಲ್ಲಿ ಹರಿದ ಎಳೆಗಳನ್ನು ಹತ್ತು ವರ್ಷದಿಂದ ಕಟ್ಟುತ್ತ ಬಂದವಳು ಅವಳೇ; ಗಂಟು ಯಾರ ಕೈಯದೆಂದು ನೇಕಾರನಿಗೂ ಹೇಳಲಾಗುತ್ತಿರಲಿಲ್ಲ. ಅಷ್ಟು ಹೊತ್ತೂ ಅವನು ಪಕ್ಕದಲ್ಲೇ ಗೊರಕೆ ಹೊಡೆಯುತ್ತ ಕೊಡ ಕಾಯುತ್ತಿದ್ದ. ಎದ್ದವನು ಕೊಡಗಳನ್ನು ನೋಡಿ ಹೇಳುತ್ತಿದ್ದ, "ನೋಡಿದೆಯಾ, ಮುಟ್ಟದೆ ಬಿಟ್ಟರೆ ತಾಮ್ರ ಕೂಡ ಹೇಗೆ ಹೊಳೆಯುತ್ತದೆ!"

ವರ್ಷ ತುಂಬುವಷ್ಟರಲ್ಲಿ ಕೊಳವೆ ಮತ್ತೆ ಒಡೆಯಿತು. ಕೇರಿಯವರು ಹೊಂಡದ ಕಡೆ ಓಡಿದರು. ನೇಕಾರ ಅವರನ್ನೆಲ್ಲ ತಡೆದು ಮನೆಯ ಮುಂದೆ ನಿಲ್ಲಿಸಿ, ತೆಂಗಿನಕಾಯಿ ಒಡೆದು, ಗಂಟು ಬಿಚ್ಚಿದ. ನೀರು ತಿಳಿಯಾಗಿತ್ತು. ಒಂದು ಹುಳ ಇಲ್ಲ, ವಾಸನೆ ಇಲ್ಲ. ವರ್ಷದ ಹಿಂದಿನ ನೀರಂತೆ ಎಂದು ಜನ ಕೈಮುಗಿದರು. ನೇಕಾರ ಮಗ್ಗದ ಮೇಲೆ ಕೂತು ನಿಷ್ಠೆಯ ಬಗ್ಗೆ ಉಪದೇಶ ಶುರುಮಾಡಿದ.

ಹೆಂಡತಿಗೆ ಒಂದು ಕೊಡ ಎತ್ತಿ ಗಂಡನ ನೆತ್ತಿಯ ಮೇಲೆ ಸುರಿದುಬಿಡೋಣ ಎನಿಸಿತು. ಕುಡಿಯುವ ನೀರು ಹಾಳಾಗುತ್ತದೆಂದು ಬಿಟ್ಟಳು. ಲೋಟದಲ್ಲಿ ಅಳೆದು ಅಳೆದು ಅತ್ತೆಗೆ ಕೊಟ್ಟಳು, ಪಕ್ಕದ ಮನೆಯ ಬಾಣಂತಿಗೆ ಕೊಟ್ಟಳು. ನಲ್ಲಿ ಮತ್ತೆ ಹರಿದದ್ದು ಐದನೆಯ ದಿನ.

ಆಮೇಲೆ ಕೇರಿಯ ಗಂಡಸರೆಲ್ಲ ಕೊಡ ಕೊಂಡರು. ನೇಕಾರ ಶಾಲು ಹೊದ್ದು ಮನೆಮನೆಗೆ ಹೋಗಿ ಗಂಟು ಹಾಕಿಕೊಟ್ಟ. ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿದ. ಹೆಂಡತಿಗೆ ದಿಗಿಲಾಯಿತು. ಕೇರಿಯ ತುಂಬ ಚಿಕ್ಕ ಮಕ್ಕಳು, ಇನ್ನು ಕೇರಿಯ ತುಂಬ ಹುಳದ ನೀರು. ಮರುದಿನ ನಲ್ಲಿಯ ಹತ್ತಿರ ಅವಳು ಹೆಂಗಸರನ್ನು ಕೂರಿಸಿಕೊಂಡು ಎರಡು ಸಂಗತಿ ಕಲಿಸಿದಳು: ಕೊಡ ಬೆಳಗುವುದು, ಗಂಟು ಹಾಕುವುದು.

ಈಗ ಆ ಕೇರಿಯಲ್ಲಿ ಕೋಳಿ ಕೂಗಿದರೆ ಸಾಕು, ಎಲ್ಲ ಮನೆಯಲ್ಲೂ ಗಂಟು ಬಿಚ್ಚಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಗಂಡಸರು ಕಟ್ಟೆಯಲ್ಲಿ ಸೇರುತ್ತಾರೆ. ನಮ್ಮ ಮನೆಯ ನೀರು ಎರಡು ವರ್ಷದ್ದು ಎಂದು ಒಬ್ಬ, ನಮ್ಮದು ಮೂರು ವರ್ಷದ್ದು ಎಂದು ಇನ್ನೊಬ್ಬ ಮೀಸೆ ತಿರುವುತ್ತಾರೆ. ನಡುವೆ ನೇಕಾರ ಕೂತಿರುತ್ತಾನೆ.

ಶಿಷ್ಯ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಆಮೇಲೆ ಅವನ ಮುಖ ಮತ್ತೆ ಊದಿಕೊಂಡಿತು.

"ಹೆಸರೆಲ್ಲ ಆ ದಡ್ಡನಿಗೇ ಹೋಯಿತಲ್ಲ ಗುರುಗಳೇ. ಅವಳಿಗೆ ಸಿಕ್ಕಿದ್ದೇನು?"

ಗುರುಗಳು ಹೇಳಿದರು: "ಕೊಳವೆ ಒಡೆದ ನಾಲ್ಕನೆಯ ದಿನ ಅತ್ತೆ ನೀರು ಕೇಳಿದಾಗ, ಕೊಡಲು ಅವಳ ಕೈಯಲ್ಲಿ ನೀರಿತ್ತು."