ಬಣ್ಣದ ಕೆಳಗಿನ ಹೆಸರು

"ಗುರುಗಳೇ, ಕೆಲಸ ಮಾಡಿದವನು ಒಬ್ಬ, ಹೆಸರು ಪಡೆಯುವವನು ಇನ್ನೊಬ್ಬ. ಇದು ನ್ಯಾಯವೇ?" ಎಂದು ಶಿಷ್ಯ ಮಲಹರ ಕೇಳಿದ.

ಮಠದ ಹೊಸ ಪುಸ್ತಕಕ್ಕೆ ಪ್ರಾರ್ಥನಾ ಪದ್ಯ ಬರೆದವನು ಅವನು. ಅಚ್ಚಾಗುವುದು ಮಾತ್ರ ಹಿರಿಯ ಶಿಷ್ಯರ ಹೆಸರಿನಲ್ಲಿ. ಸಂಕಟ ತಾಳಲಾರದೆ ಅವನು ನಾಲ್ಕು ಸಾಲುಗಳ ಮೊದಲಕ್ಷರಗಳಲ್ಲಿ ಮ, ಲ, ಹ, ರ ಎಂದು ತನ್ನ ಹೆಸರನ್ನು ಅಡಗಿಸಿಟ್ಟಿದ್ದ. ಎರಡನೆಯ ಸಾಲಿಗೆ ‘ಲ’ದಿಂದ ಶುರುವಾಗುವ ಮಾತು ಸಿಗದೆ ಒದ್ದಾಡಿ, ಇದ್ದ ಒಳ್ಳೆಯ ಪದವನ್ನು ಕಿತ್ತು ಏನೋ ಒಂದನ್ನು ತುರುಕಿದ್ದ. ಅದನ್ನೆಲ್ಲ ಗುರುಗಳಿಗೆ ಹೇಳಲಿಲ್ಲ.

ಗುರುಗಳು ಓದುತ್ತಿದ್ದ ಆ ಪುಸ್ತಕದ ಅಚ್ಚಿನ ಕರಡನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಇಟಲಿ ದೇಶದಲ್ಲಿ ಒಬ್ಬ ಸೈಕಲ್ ಕಟ್ಟುವವನಿದ್ದ. ಹೆಸರು ಬೆಪ್ಪೆ. ನಗಬೇಡ, ಅವರ ಕಡೆ ಅದು ಒಳ್ಳೆಯ ಹೆಸರೇ. ಆದರೆ ನಮ್ಮ ಮಾತಿನ ಬೆಪ್ಪುತನವನ್ನೂ ಅವನು ಒಂದು ಸಲ ಮಾಡಿದ.

ಅವನು ಕಟ್ಟುತ್ತಿದ್ದದ್ದು ಪಂದ್ಯದ ಸೈಕಲ್ಲು. ಒಂದು ದೊಡ್ಡ ಕಂಪನಿ ಸವಾರರ ಮೈಯಳತೆಯನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿತ್ತು. ಬೆಪ್ಪೆ ಉಕ್ಕಿನ ಕೊಳವೆಗಳನ್ನು ಕೊಯ್ದು, ಬೆಸೆದು ಚೌಕಟ್ಟು ಮಾಡಿಕೊಡುತ್ತಿದ್ದ. ಕಂಪನಿ ಅದಕ್ಕೆ ಬಣ್ಣ ಬಳಿದು ತನ್ನ ಹೆಸರು ಬರೆದುಕೊಳ್ಳುತ್ತಿತ್ತು.

ಆ ಚೀಟಿಗಳಲ್ಲಿ ಒಂದು ಟುಲಿಯೋ ಎಂಬ ಸವಾರನದು. ಬೆಪ್ಪೆ ಅವನ ಮುಖ ಕಂಡವನಲ್ಲ. ಅವನ ಎಡಗಾಲು ಬೆರಳಗಲ ಗಿಡ್ಡ ಎಂಬುದು ಮಾತ್ರ ಗೊತ್ತಿತ್ತು. ಆ ಕಾಲಿಗೆ ನೋವಾಗದಂತೆ ಆರು ವರ್ಷ ಅವನ ಸೈಕಲ್ಲುಗಳನ್ನು ಕಟ್ಟಿದ. ಟುಲಿಯೋ ಗೆದ್ದಾಗಲೆಲ್ಲ ಪತ್ರಿಕೆಗಳು ಕಂಪನಿಯನ್ನು ಕೊಂಡಾಡಿದವು. ಬೆಪ್ಪೆಯನ್ನು ಕೇಳುವವರೇ ಇಲ್ಲ. ಪಾಪ, ಎಷ್ಟು ದಿನ ಅಂತ ಸಹಿಸಿಯಾನು?

ಏಳನೆಯ ವರ್ಷದ ಸೈಕಲ್ಲಿನಲ್ಲಿ, ಕೆಳಗಿನ ಕೊಳವೆಯ ಅಡಿಬದಿಯಲ್ಲಿ, ಸಣ್ಣ ಉಳಿಯಿಂದ ತನ್ನ ಹೆಸರು ಕೆತ್ತಿದ. ಮೇಲೆ ಬಣ್ಣ ಬಿದ್ದರೆ ಯಾರಿಗೂ ಕಾಣದು, ನನಗೆ ಗೊತ್ತಿದ್ದರೆ ಸಾಕು ಎಂದುಕೊಂಡ. ಸೈಕಲ್ಲು ಹಗುರವಾಗಲೆಂದು ಆ ಕೊಳವೆಯನ್ನು ತುದಿಗಳಲ್ಲಿ ದಪ್ಪ, ನಡುವೆ ಉಗುರಿನಷ್ಟು ತೆಳ್ಳಗೆ ಮಾಡಿರುತ್ತಾರೆ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನಡುವೆಯೇ ಕೆತ್ತಿದ. ಹೆಸರು ನಟ್ಟನಡುವೆ ಇದ್ದರೇ ಚೆಂದ ಅಂತ ಆಸೆ.

ಆ ವರ್ಷದ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಾಗಿ ಘಟ್ಟ ಇಳಿಯುತ್ತಿದ್ದ ಟುಲಿಯೋನ ಸೈಕಲ್ಲು ಸರಿಯಾಗಿ ಅಲ್ಲೇ ಮುರಿಯಿತು. ಭುಜದ ಎಲುಬು ಮುರಿದು ಅವನು ಆಸ್ಪತ್ರೆ ಸೇರಿದ. ಸುದ್ದಿ ಕೇಳಿದ ಮೇಲೆ ಎರಡು ತಿಂಗಳು ಬೆಪ್ಪೆ ಕುಲುಮೆ ಹಚ್ಚಲಿಲ್ಲ.

ಒಂದು ಮಧ್ಯಾಹ್ನ ಯಾರೋ ಬಾಗಿಲಲ್ಲಿ ಬಂದು ನಿಂತರು. ಬೆಪ್ಪೆ ಮೊದಲು ನೋಡಿದ್ದು ಕಾಲನ್ನು. ಎಡಗಾಲು ಬೆರಳಗಲ ಗಿಡ್ಡ. ಬಂದವನ ಕೈಯಲ್ಲಿ ಮುರಿದ ಕೊಳವೆ ಇತ್ತು. ಬಣ್ಣ ಸಿಡಿದುಹೋಗಿ ಅಕ್ಷರಗಳು ಕಾಣುತ್ತಿದ್ದವು.

"ಬೆಪ್ಪೆ ಅಂದರೆ ನೀನೇನಾ?"

"ನಾನೇ. ನಿನ್ನನ್ನು ಬೀಳಿಸಿದವನೂ ನಾನೇ," ಎಂದು ಬೆಪ್ಪೆ ಅತ್ತುಬಿಟ್ಟ.

ಟುಲಿಯೋ ಅವನ ಪಕ್ಕದಲ್ಲೇ ಕೂತ. "ಆರು ವರ್ಷದಿಂದ ನಿನ್ನನ್ನು ಹುಡುಕುತ್ತಿದ್ದೆ ಮಾರಾಯ. ನನ್ನ ಗಿಡ್ಡ ಕಾಲನ್ನು ಇಷ್ಟು ಅಕ್ಕರೆಯಿಂದ ನೋಡಿಕೊಂಡ ಕೈ ಯಾರದು ಅಂತ ಕಂಪನಿಯವರನ್ನು ಕೇಳಿ ಕೇಳಿ ಸಾಕಾಯಿತು. ಎಲ್ಲವೂ ಒಬ್ಬನದೇ ಕೈ ಅಂತ ನನ್ನ ಮೈಗೆ ಗೊತ್ತಿತ್ತು. ಅದಕ್ಕೆ ಬೇರೆ ಸಹಿ ಬೇಕಿತ್ತಾ? ಏಳು, ಇನ್ನೊಂದು ಕಟ್ಟಿಕೊಡು."

ಬೆಪ್ಪೆ ಕಟ್ಟಿಕೊಟ್ಟ. ಉಳಿಯನ್ನು ಮುಟ್ಟಲಿಲ್ಲ. ಮರುವರ್ಷ ಟುಲಿಯೋ ಕಂಪನಿಯನ್ನು ಬಿಟ್ಟು ಇವನ ಬಾಗಿಲಿಗೇ ಬಂದ, ತನ್ನ ಸೈಕಲ್ಲಿನ ಮೇಲೆ ಬೆಪ್ಪೆಯ ಹೆಸರನ್ನು ಬಣ್ಣದಲ್ಲಿ ತಾನೇ ಬರೆಸಿಕೊಂಡ. ಅವನ ಹಿಂದೆ ಉಳಿದ ಸವಾರರೂ ಬಂದರು. ಈಗ ಅಲ್ಲಿ ದೊಡ್ಡ ಕಾರ್ಖಾನೆ ಇದೆ. ಒಳಹೋಗುವ ಬಾಗಿಲ ಮೇಲೆ ಆ ಮುರಿದ ಕೊಳವೆಯನ್ನು ತೂಗುಹಾಕಿದ್ದಾರೆ.

ಗುರುಗಳು ಕರಡನ್ನು ಮತ್ತೆ ಕೈಗೆತ್ತಿಕೊಂಡರು. "ಆ ಕಂಪನಿ ಮಾಡಿದ್ದು ನ್ಯಾಯವಲ್ಲ. ಹಿರಿಯರಿಗೂ ಆ ಮಾತನ್ನು ನಾನೇ ಹೇಳುತ್ತೇನೆ," ಎಂದರು.

ಮಲಹರನ ಮುಖ ಅರಳಿತು. ಎದ್ದು ನಮಸ್ಕರಿಸಿ ಹೊರಟ. ಅವನು ಹೊಸ್ತಿಲು ದಾಟುವಷ್ಟರಲ್ಲಿ ಗುರುಗಳು ಕರೆದರು.

"ಪದ್ಯ ಚೆನ್ನಾಗಿದೆ ಮಲಹರ, ಎರಡನೆಯ ಸಾಲು ಮಾತ್ರ ಮುರಿದಿದೆ, ಅಲ್ಲಿ ‘ಲ’ ಕೂರಿಸುವುದಕ್ಕೆ ಯಾವ ಒಳ್ಳೆಯ ಮಾತನ್ನು ಕಿತ್ತೆಯಪ್ಪಾ?"