ಉಪ್ಪಿಲ್ಲದ ಅಂಗೈ

"ಗುರುಗಳೇ, ನಾನು ಊರಿಗೆ ಹೊರಟಿದ್ದೇನೆ. ಮೊದಮೊದಲು ಪೂಜೆಗೆ ಕುಳಿತರೆ ಸಾಕು, ಪ್ರತಿ ಸಲವೂ ಮನಸ್ಸು ತಂಪಾಗುತ್ತಿತ್ತು. ಈಗ ಎಂದೋ ಒಮ್ಮೆ ಹಾಗಾಗುತ್ತದೆ, ಉಳಿದ ದಿನವೆಲ್ಲ ಬರೀ ಒಣ. ದೇವರು ನನ್ನನ್ನು ಮರೆತನೇ?"

ಕೇಳಿದವನು ಶಿಷ್ಯ ಕರಿಬಸವ. ಅವನ ಬಟ್ಟೆಯ ಗಂಟು ಆಗಲೇ ಬಾಗಿಲಲ್ಲಿತ್ತು. ಗುರುಗಳು ಗಂಟನ್ನು ನೋಡಿದರು, ಗದರಲಿಲ್ಲ. "ಕೂತುಕೋ ಮಗು, ಇದೊಂದು ಕೇಳಿ ಹೋಗು" ಎಂದರು.

ಒಬ್ಬ ಕುರಿಗಾಹಿ ಇದ್ದ. ಮಂದೆಗೆ ಮುಂದಾಳಾಗಿ ಒಂದು ಕುರಿ ಬೇಕು. ಕರೆದ ಕಡೆ ಅದು ಬಂದರೆ ಮಿಕ್ಕವು ಹಿಂಬಾಲಿಸುತ್ತವೆ. ಅದಕ್ಕಾಗಿ ಎರಡು ಮರಿಗಳನ್ನು ಆರಿಸಿ, ಒಂದನ್ನು ತಾನು ಇಟ್ಟುಕೊಂಡು ಇನ್ನೊಂದನ್ನು ಹೆಂಡತಿಗೆ ಒಪ್ಪಿಸಿದ. ಕರೆಯುವುದು, ಬಂದರೆ ಅಂಗೈಯಲ್ಲಿ ಉಪ್ಪು ನೆಕ್ಕಿಸುವುದು. ಕಲಿಸುವ ಬಗೆ ಅಷ್ಟೇ.

ಹೆಂಡತಿ ತನ್ನ ಮರಿ ಬಂದಾಗಲೆಲ್ಲ ಉಪ್ಪು ಕೊಟ್ಟಳು. ಅದು ಬೇಗ ಕಲಿಯಿತು. ಗಂಡ ಕೆಲವು ಸಲ ಉಪ್ಪು ಕೊಡುತ್ತಿದ್ದ, ಕೆಲವು ಸಲ ಬರಿಗೈಯಲ್ಲಿ ತಲೆ ಸವರಿ ಕಳಿಸುತ್ತಿದ್ದ. ಅವನ ಮರಿ ನಿಧಾನವಾಗಿ ಕಲಿಯಿತು.

"ಅಲ್ರೀ, ನಂಬಿ ಓಡಿಬಂದ ಮರಿಗೆ ಬರೀ ಕೈ ಒಡ್ಡುತೀರಲ್ಲ, ಪಾಪ ಸುತ್ತಿಕೊಳ್ಳಲ್ವಾ?"

"ತಲೆ ಸವರಿದೆನಲ್ಲೇ. ನೀನು ಹಿಂಗೇ ನೆಕ್ಕಿಸು, ನಾಳೆ ಅದು ಉಪ್ಪಿನ ಚೀಲಾನೇ ಅವ್ವ ಅಂದೀತು!"

ಮರಿಗಳು ದೊಡ್ಡವಾದವು. ಒಮ್ಮೆ ಮಂದೆ ಹೊಳೆಯ ತಗ್ಗಿನಲ್ಲಿ ಬೀಡುಬಿಟ್ಟಿದ್ದಾಗ ಅಕಾಲದ ಮಳೆ ಸುರಿದು ನೀರು ಏರತೊಡಗಿತು. ದಿಬ್ಬ ದೂರವಿತ್ತು. ಚೀಲದ ಉಪ್ಪೆಲ್ಲ ಕರಗಿಹೋಗಿತ್ತು.

ಹೆಂಡತಿ ಮುಂದೆ ಹೋಗಿ ಕರೆದಳು. ಅವಳ ಕುರಿ ಬಂದು ಅಂಗೈ ಮೂಸಿತು. ಇನ್ನಷ್ಟು ಮುಂದೆ ಹೋಗಿ ಕರೆದಳು. ಬಂದು ಮತ್ತೆ ಮೂಸಿತು. ಆಮೇಲೆ ಕಾಲೂರಿ ನಿಂತುಬಿಟ್ಟಿತು. ಮಂದೆಯೂ ನಿಂತಿತು. "ಬಾರವ್ವಾ, ಬಾರೇ" ಎಂದು ಅವಳು ಅಳುತ್ತ ಕರೆದರೂ ಅದು ಕದಲಲಿಲ್ಲ. ನೀರು ಮಂದೆಯ ಎಳೆಮರಿಗಳ ಹೊಟ್ಟೆ ಮುಟ್ಟಿತ್ತು.

ಆಗ ಗಂಡ ಕರೆದ. ಅವನ ಕುರಿ ಬಂದಿತು, ಬರಿಗೈ ಮೂಸಿತು, ತಲೆಯೊಡ್ಡಿತು. ಮತ್ತೆ ಕರೆದ, ಮತ್ತೆ ಬಂದಿತು. ದಿಬ್ಬ ಮುಟ್ಟುವವರೆಗೂ ಹಾಗೆಯೇ. ಮಂದೆ ಅದರ ಹಿಂದೆ ನಡೆಯಿತು, ಹೆಂಡತಿಯ ಕುರಿಯೂ ನಡೆಯಿತು. ದೇವರ ದಯೆ, ಒಂದು ಮರಿಯೂ ನೀರುಪಾಲಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವ ಮೆಲ್ಲಗೆ ಕೇಳಿದ: "ಉಪ್ಪು ಸಿಕ್ಕದ ದಿನ ಆ ಮರಿಗೆ ದುಃಖವಾಗಿರಲಿಲ್ಲವೇ, ಗುರುಗಳೇ?"

ಗುರುಗಳು ಅವನ ತಲೆಯ ಮೇಲೆ ಅಂಗೈಯಿಟ್ಟರು.

"ಆಗಿರಬಹುದು ಮಗು, ಆದರೆ ಆ ದಿನವೂ ತಲೆಯ ಮೇಲಿದ್ದದ್ದು ಅದೇ ಕೈ."

ಕರಿಬಸವ ಎದ್ದು ಹೋಗಿ, ಬಾಗಿಲಲ್ಲಿದ್ದ ಗಂಟನ್ನು ಒಳಗೆ ತಂದಿಟ್ಟ.