ಸರಿಮಾಡಿದ ನಿಬ್ಬು

"ಗುರುಗಳೇ, ಯಾವುದರಿಂದ ಹೆದರಿಕೆಯೋ ಅದನ್ನೇ ಇಲ್ಲವಾಗಿಸಿಬಿಟ್ಟರೆ ಹೆದರಿಕೆ ಹೋಗುತ್ತದಲ್ಲವೆ?"

ಶಿಷ್ಯ ಹೀಗೆ ಕೇಳಿದ. ಈಚೆಗೆ ಅವನು ಹಿತ್ತಿಲಲ್ಲಿ ಹಾವು ಕಂಡಿದ್ದ. ಮೊದಲು ಬಿಲಗಳನ್ನು ಮುಚ್ಚಿದ. ಆಮೇಲೆ ಪೊದೆ ಸವರಿದ. ಈಗ ಹುತ್ತವನ್ನು ಅಗೆಯಲು ಅಪ್ಪಣೆ ಬೇಡುತ್ತಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಹಳೆಯ ಇಂಕ್ ಪೆನ್ನುಗಳನ್ನು ಕೂಡಿಹಾಕುವುದು ಅವಳ ಹುಚ್ಚು. ಬೆಲೆಬಾಳುವ ಪೆನ್ನುಗಳಲ್ಲ. ಮೇಷ್ಟ್ರುಗಳು, ಗುಮಾಸ್ತರು ಬರೆದು ಬರೆದು ಸವೆಸಿ ಮೂಲೆಗೆ ಎಸೆದಂಥವು. ಗುಜರಿ ಅಂಗಡಿಯವನು ಅವಳನ್ನು ಕಂಡರೆ ನಗುತ್ತಿದ್ದ.

"ಅಕ್ಕಾ, ಬರೆಯೋ ಪೆನ್ನು ಕೊಡ್ತೀನಿ ಅಂದ್ರೆ ಬೇಡ ಅಂತೀರಿ. ನಿಮಗೆ ಕೆಟ್ಟಿದ್ದೇ ಆಗಬೇಕು!"

"ಬರೆಯೋದನ್ನ ಯಾರು ಬೇಕಾದ್ರೂ ತಗೋತಾರಪ್ಪ" ಎನ್ನುತ್ತಿದ್ದಳು.

ಮನೆಗೆ ತಂದ ಪೆನ್ನನ್ನು ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕುತ್ತಿದ್ದಳು. ಎಂದೋ ಒಣಗಿದ ಶಾಯಿ ಹೊಗೆಯಂತೆ ಬಿಟ್ಟುಕೊಳ್ಳುತ್ತಿತ್ತು. ಸೊಟ್ಟಗಾದ ನಿಬ್ಬನ್ನು ಮರದ ತುಂಡಿನ ಮೇಲಿಟ್ಟು ಉಗುರಿನಿಂದ ಒತ್ತಿ ಒತ್ತಿ ನೆಟ್ಟಗೆ ಮಾಡುತ್ತಿದ್ದಳು. ನಿಬ್ಬುಗಳೆಲ್ಲ ಒಂದೇ ಬಟ್ಟಲಿನಲ್ಲಿ ಒಟ್ಟಿಗೆ ಬಿದ್ದಿರುತ್ತಿದ್ದವು. ಯಾವ ಪೆನ್ನಿಗೆ ಯಾವುದು ಕೂಡಿಬಂತೋ ಅದನ್ನು ತೊಡಿಸುತ್ತಿದ್ದಳು. ಶಾಯಿ ತುಂಬಿದ ಮೇಲೆ ಅದರಿಂದ ಚಿತ್ರ ಬರೆಯುತ್ತಿದ್ದಳು. ರಬ್ಬರಿಲ್ಲ, ಅಳಿಸುವ ಮಾತಿಲ್ಲ. ಬರೆದದ್ದು ಬರೆದದ್ದೇ.

ಒಂದು ದಿನ ಮಗಳನ್ನು ಕಿಟಕಿಯ ಬಳಿ ಕೂರಿಸಿ ಚಿತ್ರ ಬರೆಯತೊಡಗಿದಳು. ಹಣೆಯಿಂದ ಶುರುಮಾಡುವುದು ಅವಳ ರೂಢಿ. ಹಣೆ ಬರೆದಳು, ಹುಬ್ಬು ಬರೆದಳು, ಒಂದು ಕಣ್ಣು ಬರೆದಳು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಕೂಗಿದರು. ಮಗು ಆಟಕ್ಕೆ ಓಡಿತು.

ಅವಳ ಮಾವ ಕಾಫಿ ಹಿಡಿದು ಬಂದು ಕುಳಿತರು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮೇಜಿನ ಮೇಲೆ ಸಾಲಾಗಿಟ್ಟ ಪೆನ್ನುಗಳಲ್ಲಿ ಒಂದನ್ನು ಎತ್ತಿಕೊಂಡರು. ಅದರ ಮುಚ್ಚಳಕ್ಕೆ ಕೆಂಪು ದಾರ ಸುತ್ತಿತ್ತು.

"ಇದು ಎಲ್ಲಿ ಸಿಕ್ಕಿತಮ್ಮ?"

"ಗುಜರಿಯಲ್ಲಿ, ಮಾವ. ಯಾಕೆ?"

"ಈ ದಾರ ಸುತ್ತಿದ್ದು ನಾನೇ. ನಮ್ಮ ಜಡ್ಜ್ ಸಾಹೇಬರ ಪೆನ್ನು ಇದು. ಇದರ ನಿಬ್ಬು ಹೇಗಿತ್ತು?"

"ತುದಿ ಬಿರಿದು ಹಿಂದಕ್ಕೆ ಮಡಚಿಕೊಂಡಿತ್ತು. ಯಾರೋ ಬೀಳಿಸಿರಬೇಕು. ನಾನೇ ಸರಿಮಾಡಿದೆ."

ಮಾವ ಕಾಫಿಯನ್ನು ಕೆಳಗಿಟ್ಟರು.

"ಬೀಳಿಸಿದ್ದಲ್ಲ. ಗಲ್ಲು ಶಿಕ್ಷೆ ಬರೆದ ದಿನ ಸಾಹೇಬರು ನಿಬ್ಬನ್ನು ಮೇಜಿಗೆ ಒತ್ತಿ ಮುರಿದುಬಿಡುತ್ತಿದ್ದರು. ಅದು ಇನ್ನೊಮ್ಮೆ ಏನನ್ನೂ ಬರೆಯಬಾರದು ಅಂತ. ಸರಿಮಾಡಬಾರದಿತ್ತಮ್ಮ."

"ನಾನೇನೂ ಬರೆದಿಲ್ಲ ಮಾವ. ಬರೀ ಚಿತ್ರ…"

ಮಾತು ಅಲ್ಲಿಗೇ ನಿಂತಿತು. ಚಿತ್ರವನ್ನೂ ಬರೆಯುವುದೇ ಅಲ್ಲವೆ? ಚಿತ್ರದಲ್ಲಿ ಮಗುವಿನ ಹಣೆಯ ಮೇಲೆ ಶಾಯಿ ಇನ್ನೂ ಆರಿರಲಿಲ್ಲ.

"ಆ ನಿಬ್ಬು ಈಗ ಯಾವ ಪೆನ್ನಿನಲ್ಲಿದೆ?" ಎಂದು ಮಾವ ಕೇಳಿದರು.

ಅವಳಿಗೆ ತಿಳಿಯದು. ಎಲ್ಲವೂ ಒಂದೇ ಬಟ್ಟಲಿನಲ್ಲಿ ನೆಂದಿದ್ದವು.

ಸಂಜೆ ಮಗು ಆಟದಿಂದ ಬಂದು ಸುಮ್ಮನೆ ಮಲಗಿತು. ಹಣೆ ಮುಟ್ಟಿ ನೋಡಿದರೆ ಬಿಸಿ. ವೈದ್ಯರು ಬಂದರು. "ಬಿಸಿಲಿನಲ್ಲಿ ಕುಣಿದಿದ್ದಾಳೆ, ಅಷ್ಟೇ. ನಾಳೆಗೆ ಇಳಿಯುತ್ತೆ" ಎಂದರು. ಅವಳು ತಲೆಯಾಡಿಸಿದಳು. ಒಂದು ಮಾತೂ ಒಳಗಿಳಿಯಲಿಲ್ಲ.

ಬೆಳಗಾಗುತ್ತಲೇ ಕೆಂಪು ದಾರದ ಪೆನ್ನನ್ನು ಹಿತ್ತಿಲಲ್ಲಿ ಹೂತಳು. ಕೈ ತೊಳೆಯುವಾಗ ಹೊಳೆಯಿತು, ಹೂತದ್ದು ಇನ್ನೂ ನಿಬ್ಬು ತೊಡಿಸದ ಬರಿಯ ಮೈಯನ್ನು. ನಿಬ್ಬು ಇನ್ನೂ ಮನೆಯೊಳಗೇ ಇದೆ.

ಪೆನ್ನುಗಳನ್ನೆಲ್ಲ ಬಿಚ್ಚಿದಳು. ಒಂದೊಂದೇ ನಿಬ್ಬನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕಿದಳು. ಸಿಗಲಿಲ್ಲ. ಸರಿಮಾಡಿದ ಕೈ ಅವಳದೇ. ಗಾಯದ ಗುರುತು ಉಳಿಯದಂತೆ ಸರಿಮಾಡಿದ್ದಳು. ಯಾವತ್ತೂ ಅದೇ ಅವಳ ಹೆಮ್ಮೆ. ಮತ್ತೆ ನೋಡಿದಳು. ಈ ಸಲ ಎಲ್ಲದರಲ್ಲೂ ಬಿರುಕು ಕಂಡಿತು.

ಒಳಗೆ ಮಗು ನರಳಿತು. ಅವಳು ಒಂದು ನಿಬ್ಬನ್ನು ಅರೆಯುವ ಕಲ್ಲಿಗೆ ಒತ್ತಿ ಮುರಿದಳು. ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ನರಳಿಕೆ ನಿಲ್ಲಲಿಲ್ಲ. ಇದಲ್ಲ ಎಂದುಕೊಂಡು ಇನ್ನೊಂದನ್ನು ಮುರಿದಳು. ಆಗ ನರಳಿಕೆ ನಿಂತಿತು. ನಿಂತದ್ದಕ್ಕೆ ಇನ್ನೂ ಹೆದರಿ ಒಳಗೆ ಓಡಿದಳು. ಮಗು ಮಗ್ಗುಲು ಬದಲಿಸಿ ನಿದ್ದೆ ಹೋಗಿತ್ತು. ಮರಳಿ ಬಂದು ಮತ್ತೊಂದನ್ನು ಮುರಿದಳು.

ಮಾವ ಬಾಗಿಲಲ್ಲಿ ನಿಂತು, "ಸಾಕಮ್ಮ, ಒಂದೇ ಅಲ್ಲವೆ ಕೆಟ್ಟದ್ದು?" ಎಂದರು.

"ಯಾವುದು ಅಂತ ನೀವು ಹೇಳ್ತೀರಾ, ಮಾವ?"

ಅವರು ಒಳಗೆ ಹೋದರು. ಎಷ್ಟೋ ವರ್ಷಗಳಿಂದ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಉಗುರು ಸವೆಸಿ, ಒಂದೊಂದಾಗಿ ಅವಳು ಬದುಕಿಸಿದ್ದ ನಿಬ್ಬುಗಳು. ಬಟ್ಟಲಿನಲ್ಲಿ ಒಂದೂ ಉಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಗುವಿನ ಮೈ ತಣ್ಣಗಾಯಿತು. ವೈದ್ಯರು ಹೇಳಿದ್ದೂ ಅದನ್ನೇ. ಮಗು ಎದ್ದು ಗಂಜಿ ಕುಡಿಯಿತು, ಉಪ್ಪಿನಕಾಯಿ ಬೇಕೆಂದು ಹಟಮಾಡಿತು. ಆಮೇಲೆ ಮೇಜಿನ ಬಳಿ ಹೋಗಿ ಚಿತ್ರವನ್ನು ಎತ್ತಿಕೊಂಡು ಬಂತು.

"ಅಮ್ಮಾ, ನಂಗೆ ಒಂದೇ ಕಣ್ಣು! ಇನ್ನೊಂದು ಯಾವಾಗ ಬರೀತೀಯ?"

"ಪೆನ್ನಿಲ್ಲ ಕಣೇ, ಪುಟ್ಟಿ."

"ಪೆನ್ಸಿಲಲ್ಲಿ ಬರಿ. ತಗೋ, ನನ್ನದೇ ಕೊಡ್ತೀನಿ. ಚೂಪು ಮಾಡಿದೀನಿ."

ಮಗು ಪೆನ್ಸಿಲನ್ನು ಅವಳ ಕೈಗಿಟ್ಟು, ಹೋಗಿ ಕಿಟಕಿಯ ಬಳಿ ಮೊದಲಿನಂತೆಯೇ ಕುಳಿತಿತು. ಅಲುಗಾಡಬಾರದೆಂದು ಉಸಿರು ಕಟ್ಟಿ ಕುಳಿತಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಸಮಾಧಾನದಿಂದ ಹೇಳಿದ: "ಮಗು ಚೇತರಿಸಿಕೊಂಡಿತು. ಆ ನಿಬ್ಬೂ ಉಳಿದವುಗಳ ಜೊತೆ ಮುರಿದೇ ಹೋಯಿತು. ಇನ್ನು ಅವಳಿಗೆ ಹೆದರಿಕೆ ಎಲ್ಲಿಯದು, ಗುರುಗಳೇ? ಕಣ್ಣು ಬರೆದಿರುತ್ತಾಳೆ."

ಗುರುಗಳು ಹೇಳಿದರು:

"ಪೆನ್ಸಿಲು ಹಿಡಿದವಳು ಆ ನಿಬ್ಬನ್ನು ಸರಿಮಾಡಿದ ತನ್ನ ಬೆರಳುಗಳನ್ನು ನೋಡಿಕೊಂಡಳು, ಶಾಯಿ ಅಲ್ಲಿ ಇನ್ನೂ ಅಂಟಿಕೊಂಡೇ ಇತ್ತು."